ವಸಿ

ಕೆಂಪು ಕ್ಲಿಪ್ಪಿನಿಂದ ಕಪ್ಪು ಕ್ಲಿಪ್ಪಿಗೆ
ನಡುವೆ ಬರೀ ಮೀಟರು ಇರಲಿ ಮೊದಲು.
ಹೆದರಬೇಡ ಜಡೇಸ್ವಾಮಿ, ಕಿಡಿ ಹಾರುವುದಿಲ್ಲ,
ಗುಂಡಿಯನ್ನು ಸೊನ್ನೆಗೆ ತಿರುಗಿಸಿಟ್ಟಿದ್ದೇನೆ.
ವೋಲ್ಟು ಮೂರು. ಅದು ಆಗಲೇ ಆಯಿತು.
ಈಗ ಎರಡನೇ ಗುಂಡಿ, ಕರೆಂಟಿನದು.
ವಸಿ ತಿರುಗಿಸು.
ವಸಿ ಅಂದರೆ ವಸಿ ಕಲಾ,
ಕೂಸಿನ ನಾಲಿಗೆಗೆ ಬಜೆ ತೇಯುತ್ತಾರಲ್ಲ, ಅಷ್ಟು.

ಕೊಯಮತ್ತೂರಿನ ಗುಜರಿಯಲ್ಲಿ ತೂಕಕ್ಕೆ ಕೊಂಡ ಪೆಟ್ಟಿಗೆ.
ತಿಂಬಂ ಘಾಟಿಯ ಇಪ್ಪತ್ತೇಳು ತಿರುವು
ಮಡಿಲಲ್ಲಿ ಇಟ್ಟುಕೊಂಡೇ ಹತ್ತಿಸಿದೆ ತಾಳವಾಡಿಗೆ.
ಮೂರು ಆಂಪ್ಸು ಉಗುಳುವ ಮುದಿ ಗೂಳಿ ಇದು,
ಇದರ ಮುಳ್ಳಿಗೆ ಐದು ಮಿಲಿ ಕಾಣುವುದೇ ಇಲ್ಲ,
ಕಬ್ಬಿನ ಲಾರಿ ತೂಗುವಲ್ಲಿ ಮೂಗುತಿ ಇಟ್ಟ ಹಾಗೆ.
ಅದಕ್ಕೇ ಮೀಟರು ನೋಡು, ಮುಳ್ಳು ನೋಡಬೇಡ.
ಎರಡು. ಮೂರೂವರೆ. ಐದು. ಸಾಕು, ಕೈ ತೆಗೆ.
ಕೆಂಪು ದೀಪ ಉರೀತಿದೆಯಲ್ಲ,
ಅದು ಗದರುತ್ತಿಲ್ಲ,
ಇನ್ನಿಲ್ಲ ಅನ್ನುತ್ತಿದೆ, ಅಷ್ಟೇ.

‘ಅಣ್ಣ, ಚಿಪ್ಪಿಗೆ ಬೇಕಾದ್ದು ಎರಡು ಮಿಲಿ.
ಮೂರು ಆಂಪ್ಸೇ ಬಿಟ್ಟರೂ
ಅದು ಎರಡನ್ನೇ ತಾನೆ ಕುಡಿಯೋದು?’

ಸರಿಯಾಗಿ ಕೇಳಿದೆ.
ಕೆರೆ ಕೋಡಿ ಬಿದ್ದರೂ ಗುಬ್ಬಿ ಕುಡಿಯುವುದು ಗುಬ್ಬಿಯಷ್ಟೇ.
ಈ ಮಿತಿ ಗುಬ್ಬಿಗಲ್ಲ,
ಏರಿ ಒಡೆಯುವ ದಿನಕ್ಕೆ.
ಚಿಪ್ಪಿನ ಒಂದು ಕಾಲು ನಿನ್ನ ನಿದ್ದೆಗಣ್ಣಲ್ಲಿ
ಪಕ್ಕದ ತೂತಿಗೆ ಹೋಗುವ ದಿನಕ್ಕೆ.

ಇನ್ನೊಂದು, ಇದನ್ನು ಐಟಿಐಯಲ್ಲಿ ಹೇಳಿಕೊಟ್ಟಿರಲಾರರು.
ಬಾಗಿಲಲ್ಲಿ ಕಾವಲುಗಾರ ಕೂತಿದ್ದಾನೆ, ಸರಿ.
ಆದರೆ ಬಾಗಿಲ ಹೊರಗೇ, ಅವನ ಕೈ ಮೀರಿ,
ಒಂದು ಕೆಪಾಸಿಟರು ಹಂಡೆಯ ಹಾಗೆ ತುಂಬಿ ಕೂತಿದೆ.
ತಂತಿ ತಾಗಿದೊಡನೆ ಮೊದಲು ಚೆಲ್ಲುವುದು ಅದು,
ಅವನು ಕಣ್ಣು ಬಿಡುವ ಮೊದಲೇ.
ಅದಕ್ಕೆ ಈ ರೆಸಿಸ್ಟರು. ಕಂದು, ಕಪ್ಪು, ಕಂದು. ನೂರು ಓಮು.
ಹಂಡೆಯ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ.
ಮೂರು ವೋಲ್ಟಲ್ಲಿ ಪಾಯಿಂಟ್ ಎರಡು ಅದು ತಿನ್ನುತ್ತೆ.
ತಿನ್ನಲಿ, ಕಾದದ್ದಕ್ಕೆ ಕೂಲಿ.

ನೆನ್ನೆ ಚೆನ್ನಂಜಪ್ಪ ಬೇಲಿಯ ಪೆಟ್ಟಿಗೆ ಹೊತ್ತು ತಂದಿದ್ದ,
ನೀನು ಊಟಕ್ಕೆ ಹೋಗಿದ್ದೆ.
‘ಸುಮ್ನೆ ಟಕ್ ಟಕ್ ಅಂತದೆ ಕಣಪ್ಪ,
ದೊಡ್ಡದು ಲೆಕ್ಕಕ್ಕೇ ಇಡಾಕಿಲ್ಲ.
ವಸಿ ಜಾಸ್ತಿ ಮಾಡ್ಕೊಡು.’
ಅವನ ಬಾಯಲ್ಲೂ ಅದೇ ಮಾತು, ವಸಿ.
ಆಗಲ್ಲ ಅಂದೆ.
ಬೈದು ಹೋದ. ಅವನ ಬಾಳೆ
ಒಂದೇ ರಾತ್ರಿ ನೆಲಸಮವಾದದ್ದೂ ಸುಳ್ಳಲ್ಲ.

ಮೂರು ವರ್ಷದ ಹಿಂದೆ
ಇದೇ ಕೌಂಟರಿನ ಮೇಲೆ ಕೇಬಲು ಅಳೆದೆ ನಾನು,
ಕಂಬದಿಂದ ಹೊಲದಂಚಿಗೆ ಎಷ್ಟೋ ಅಷ್ಟು.
ಯಾತಕ್ಕೆ ಅಂತ ಕೇಳಲಿಲ್ಲ.
ಚಿಲ್ಲರೆ ಇಲ್ಲ ಅಂತ ಎರಡು ರೂಪಾಯಿ ಬಿಟ್ಟೆ ಕೂಡ.
ಬೆಳಗಾಗ ಎಲ್ಲರೊಂದಿಗೆ ನೋಡಲು ಹೋದವನು
ಜೋಳದ ನಡುವೆ ಮಂಡಿಯೂರಿ
ಅದರ ಕಿವಿಯ ಹಿಂದೆ ಕೈ ಇಟ್ಟೆ.
ಇನ್ನೂ ಬಿಸಿ ಇತ್ತು.
ಆ ತಂತಿಯಲ್ಲಿ ಯಾರೂ ಕಾವಲಿರಲಿಲ್ಲ,
ಅಣೆಕಟ್ಟಿನವರೆಗೂ ಯಾರೂ.

ಅಂದಿನಿಂದ ಈ ಕಿರುಬೆರಳಷ್ಟು ಯಂತ್ರ.
ಬೇಲಿಗೂಟಕ್ಕೆ ಕಟ್ಟಿದರೆ
ಬಿಲ್ಲೆಯಂಥ ಬ್ಯಾಟರಿಯಲ್ಲಿ ಒಂದು ಬೇಸಿಗೆ ನಿದ್ದೆ ಮಾಡಿ,
ಎದುರು ಏನೋ ದೊಡ್ಡದು ಅಲ್ಲಾಡಿತೋ,
ಎರಡು ಮಿಲಿಯಲ್ಲಿ ಎದ್ದು
ಗುಡಿಸಲಿನ ಗಂಟೆಗೆ ಹೇಳಿ, ಮತ್ತೆ ಮಲಗುತ್ತೆ.
ಹೊಡೆಯೋದಿಲ್ಲ. ಯಾರೋ ಬಂದರು ಅನ್ನುತ್ತೆ.

ಸರಿ, ಕ್ಲಿಪ್ಪು ಹಾಕು.
ಮತ್ತೆ ಕೆಂಪು ದೀಪ! ಆರಿಸು, ಆರಿಸು.
ತಿರುಗಾಮುರುಗಾ ಕೂರಿಸಿದ್ದೀಯ ಚಿಪ್ಪನ್ನು,
ಚುಕ್ಕಿ ಇರುವ ಮೂಲೆ ಈ ಕಡೆಗೆ ಬರಬೇಕು.
ಮುಖ ಸಣ್ಣ ಮಾಡಬೇಡ.
ನಾನು ಬಾಯಿಂದ ಸುಟ್ಟ ವಾಸನೆ ಹೋಗದಷ್ಟು ಸುಟ್ಟವನು.
ಬೆರಳು ಇಟ್ಟು ನೋಡು, ಅದರ ಬೆನ್ನ ಮೇಲೆ.

ತಣ್ಣಗಿದೆಯಾ?
ಹಂಗಾದರೆ ತಿರುಗಿಸಿ ಕೂರಿಸು,
ಇನ್ನೊಂದು ಸಲ.